ಎರಡನೆಯ ಕತ್ತಿ

ಐದು ತಿಂಗಳಿಂದ ಪೈಲಿ ಕುಡಿದಿರಲಿಲ್ಲ. ಐದು ತಿಂಗಳಿಂದ ಅವನ ಹೆಂಡತಿ ಶೋಶಾಮ್ಮ, ಟವೆಲಿನಲ್ಲಿ ಇನ್ನೊಂದು ಕತ್ತಿ ಸುತ್ತಿಕೊಂಡು, ರಬ್ಬರ್ ಮರಗಳ ನಡುವೆ ಅವನ ಹಿಂದೆಯೇ ನಡೆಯುತ್ತಿದ್ದಳು.

ಅವನು ತೊಗಟೆಯನ್ನು ತೀರ ತೆಳ್ಳಗೆ ಕೊಯ್ಯುತ್ತಿದ್ದ. ಹಾಲು ಸಾಕಷ್ಟು ಇಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಅವನು ಕುಡಿದು ಬಿದ್ದಿದ್ದಾಗ ಈ ಮರಗಳನ್ನೆಲ್ಲ ಟ್ಯಾಪಿಂಗ್ ಮಾಡಿದವಳು ಅವಳೇ. ಕೇಳಿದವರಿಗೆ ‘ಅವರೇ ಮಾಡಿದ್ದು, ಈಗ ಸ್ವಲ್ಪ ಜ್ವರ’ ಎಂದವಳೂ ಅವಳೇ. ಈಗ ಅವನು ಮುಂದಿನ ಸಾಲಿಗೆ ಹೋದೊಡನೆ, ಅವನಿಗೆ ತಿಳಿಯದಂತೆ, ಅದೇ ಗೆರೆಯ ಮೇಲೆ ಮತ್ತೊಮ್ಮೆ ಕತ್ತಿ ಎಳೆಯುತ್ತಿದ್ದಳು. ಮರಕ್ಕೆ ಕಟ್ಟಿದ, ಹಾಲು ಹಿಡಿಯುವ ಚಿಪ್ಪು ತುಂಬಿದರೆ ಅವನಿಗೆ ಧೈರ್ಯ. ಧೈರ್ಯವಿದ್ದರೆ ಕಳ್ಳಿನಂಗಡಿಯ ಕಡೆ ತಿರುಗಲಾರ.

ಆ ಬೆಳಿಗ್ಗೆ ತೋಟದ ಮಾಲೀಕ ಚಾಂಡಿ ಬಂದು ಒಂದು ಮರದ ಮೇಲೆ ಬೆರಳಾಡಿಸಿದ.

“ಏನೋ ಪೈಲಿ, ಮರದ ಎಲುಬಿಗೇ ಕತ್ತಿ ಇಳಿಸಿ ಗಾಯ ಮಾಡಿದ್ದೀಯಲ್ಲೋ! ಮತ್ತೆ ಕುಡಿಯೋಕೆ ಶುರು ಹಚ್ಕೊಂಡ್ಯಾ?”

“ಇಲ್ಲ ಮೊದಲಾಳಿ.”

“ಕೈ ನಡುಗದೆ ಹಿಂಗೆ ಗಾಯ ಆಗುತ್ತಾ? ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ.”

ಶೋಶಾಮ್ಮನ ಬಾಯಿ ತಾನಾಗಿ ತೆರೆಯಿತು. “ಅವರಿಗೆ ಎರಡು ದಿನದಿಂದ ಜ್ವರ...”

ಪೈಲಿ ಗಾಯವನ್ನು ನೋಡಿದ. ಆಮೇಲೆ ಅವಳ ಟವೆಲನ್ನು ನೋಡಿದ.

“ನನಗೆ ಜ್ವರ ಇಲ್ಲ,” ಎಂದ.

ಅವಳು ಟವೆಲ್ ಬಿಚ್ಚಿದಳು. “ಮಾಡಿದ್ದು ನಾನು ಮೊದಲಾಳಿ. ಅವರ ಹಿಂದೆ ಬಂದು ಮತ್ತೆ ಕೊಯ್ದೆ.”

ಚಾಂಡಿ ನಕ್ಕ. “ಗಂಡನ್ನ ಉಳಿಸೋಕೆ ಈ ಸಲ ಕತ್ತೀನೂ ತಂದಿದ್ದೀಯಾ?”

“ಕರ್ತನಾಣೆ, ನಿಜ!”

“ಅವನಿಗೆ ಜ್ವರ ಅಂತಿದ್ದಾಗಲೂ ನೀನು ಆಣೆ ಇಡ್ತಿದ್ದೆ.”

ಪೈಲಿ ಪಕ್ಕದ ಮರಕ್ಕೆ ಕತ್ತಿ ಹಾಕಿದ. ತೆಳ್ಳನೆಯ ಚಕ್ಕೆ ಎದ್ದಿತು. ಹಾಲು ಯೋಚಿಸಿಕೊಂಡು ಬಂದಂತೆ ಬಂತು. ಚಾಂಡಿ ಬಗ್ಗಿ ನೋಡಿದ.

“ಹಾಲು ಕಮ್ಮಿ. ಗಾಯ ಇಲ್ಲ,” ಎಂದು ಗೊಣಗಿದ. “ಶನಿವಾರದವರೆಗೆ ನೋಡ್ತೀನಿ. ಇವನೊಬ್ಬನೇ ಬರಲಿ.”

ಅವನು ಹೋದ ಮೇಲೆ ಪೈಲಿ ಕೈ ಚಾಚಿದ. “ಚಿಪ್ಪು ತುಂಬಿದಾಗೆಲ್ಲ ನನ್ನ ಕೈ ಕುದುರ್ತು ಅಂದ್ಕೊಂಡಿದ್ದೆ ಕಣೇ. ಕೊಡು ಅದನ್ನ.”

ಅವಳಿಗೆ ಸಿಟ್ಟು ಉಕ್ಕಿತು. ಹನ್ನೊಂದು ವರ್ಷ ಮೈ ಸವೆಸಿದ್ದಕ್ಕೆ ಇದೇನಾ ಸಿಗುವುದು?

“ಹಾಗಾದ್ರೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ ಇಚ್ಚಾಯಾ?” ಎಂದು ಗಂಡನನ್ನು ಕೇಳಿದಳು.

“ಗೊತ್ತಿಲ್ಲ. ಮಲ್ಕೋ.”

ಕತ್ತಿ ಕೊಟ್ಟು ಮನೆಯ ದಾರಿ ಹಿಡಿದಳು. ಹಿಂದೆ ತೊಗಟೆ ಕೊಯ್ಯುವ ಸದ್ದು, ತೀರ ತೆಳ್ಳಗೆ. ಪ್ರತಿ ಮರಕ್ಕೂ ಅವಳ ಬಲಗೈ ತಾನಾಗಿ, ಕತ್ತಿ ಹಿಡಿದಂತೆ, ಮುಷ್ಟಿ ಕಟ್ಟುತ್ತಿತ್ತು. ತಿರುಗಿ ನೋಡಲಿಲ್ಲ.