ತುತ್ತಿಗೊಂದು ಗುಟುಕು

ಈ ಮನೆಗೆ ಸೊಸೆಯಾಗಿ ಬಂದ ಮೊದಲ ದಿನವೇ ಊಟದ ಮೇಜಿನ ಮುಂದೆ ನನ್ನ ಮರ್ಯಾದೆ ಹೋಯಿತು. ನಾನು ಬಸ್ ಕಂಡಕ್ಟರ್. ಡ್ರೈವರ್ ಬಸ್ಸು ತಿರುಗಿಸುವಷ್ಟರಲ್ಲಿ ಡಬ್ಬಿ ಖಾಲಿ ಮಾಡಿ ಅಭ್ಯಾಸ. ಅವತ್ತೂ ತಟ್ಟೆ ಮುಗಿಸಿ ತಲೆಯೆತ್ತಿದರೆ ಉಳಿದವರು ಇನ್ನೂ ಮೊದಲ ತುತ್ತನ್ನೇ ಅಗಿಯುತ್ತಿದ್ದರು. ಅಗಿದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಸುಮ್ಮನಿದ್ದು, ಆಮೇಲೆ ಇನ್ನೊಂದು ತುತ್ತು. ಅತ್ತೆ, ಮಾವ, ನನ್ನ ಗಂಡ, ನಾದಿನಿ, ಎಲ್ಲರದೂ ಅದೇ ಕಥೆ.

"ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದಾರಾ ಅತ್ತಿಗೆ?" ಎಂದಳು ನಾದಿನಿ. ಮನೆಯವರೆಲ್ಲ ನಕ್ಕರು.

ನಾದಿನಿಯನ್ನು ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಾರೆ. ಹುಟ್ಟುವಾಗ ಅವಳ ಅನ್ನನಾಳ ಅರ್ಧಕ್ಕೇ ನಿಂತಿತ್ತಂತೆ. ಗಂಟಲಿಗೂ ಹೊಟ್ಟೆಗೂ ಸಂಬಂಧವೇ ಇರಲಿಲ್ಲ. ಹಸುಗೂಸಿಗೇ ಆಪರೇಷನ್ ಮಾಡಿ ಎರಡು ತುದಿ ಸೇರಿಸಿದರು. ಅತ್ತೆ ಟೈಲರ್. "ಹೊಲಿಗೆ ಚೆನ್ನಾಗಿ ಕೂತಿದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಹತ್ತಿರ ಅಂಗಡಿಯಲ್ಲಿ ಬಟ್ಟೆಗೊಂದು ಕತ್ತರಿ, ಅಡುಗೆಮನೆಯಲ್ಲಿ ಗುಬ್ಬಿಯ ತಟ್ಟೆಗೊಂದು ಕತ್ತರಿ. ಮಾಂಸವಿರಲಿ, ಬ್ರೆಡ್ಡಿರಲಿ, ಅದಕ್ಕೆ ಸಿಕ್ಕಿ ಉಗುರಿನಷ್ಟಾಗುತ್ತಿತ್ತು. ಮಗು ಒಬ್ಬಳೇ ಹಿಂದೆ ಬೀಳಬಾರದೆಂದು ಮನೆಮಂದಿಯೆಲ್ಲ ಅವಳ ಹಾಗೇ ತಿನ್ನತೊಡಗಿದ್ದರು. ಬರಬರುತ್ತಾ ಅದೇ ರೂಢಿಯಾಗಿ, ಯಾಕೆ ಶುರುವಾಯಿತೆಂಬುದೇ ಮರೆತುಹೋಯಿತು. ಗೆಳತಿಯರು ಗಬಗಬ ತಿಂದರೆ ಗುಬ್ಬಿ ಮೂಗು ಮುರಿಯುತ್ತಿದ್ದಳು, ಅವರಿಗೆ ಶಿಸ್ತಿಲ್ಲವೆಂದು.

ವರ್ಷಕ್ಕೊಮ್ಮೆ ತಪ್ಪದೆ ಮಕ್ಕಳ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿನ ಡಾಕ್ಟರು ತೂಕ ನೋಡುತ್ತಿದ್ದರು, ಬೆನ್ನಿನ ಬದಿಯ ಗಾಯದ ಗುರುತು ನೋಡುತ್ತಿದ್ದರು. ನುಂಗಲು ಕಷ್ಟವೇ ಎಂದು ಕೇಳಿದರೆ ತಾಯಿ ಮಗಳಿಬ್ಬರೂ ಒಟ್ಟಿಗೆ ಇಲ್ಲ ಎನ್ನುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಈ ಸಲ ಗುಬ್ಬಿಗೆ ಹದಿನೆಂಟು ತುಂಬಿದ್ದರಿಂದ ದೊಡ್ಡವರ ಆಸ್ಪತ್ರೆಗೆ ಕಳಿಸಿದರು. ಅತ್ತೆಗೆ ಯೂನಿಫಾರ್ಮ್ ಹೊಲಿಯುವ ಗಡಿಬಿಡಿ, ಹಾಗಾಗಿ ರಜೆ ಹಾಕಿ ನಾನು ಹೋದೆ. ಡಾಕ್ಟರಮ್ಮ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅದೇ ಪ್ರಶ್ನೆ ಕೇಳಿದರು.

"ನುಂಗೋಕೆ ತೊಂದರೆ ಏನಾದ್ರೂ?"

"ಏನೂ ಇಲ್ಲ," ಎಂದಳು ಗುಬ್ಬಿ.

ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. "ತುತ್ತಿಗೊಂದು ಗುಟುಕು ನೀರು ಬೇಕು ಇವಳಿಗೆ. ಇವಳ ಊಟ ಮುಗಿಯೋಷ್ಟರಲ್ಲಿ ನಮ್ಮ ಬಸ್ಸು ಒಂದು ಟ್ರಿಪ್ ಹೋಗಿ ಬರುತ್ತೆ," ಎಂದೆ. ತಮಾಷೆಗೆ ಹೇಳಿದ್ದು. ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ತಿರುಗಿಸಿ ಗುಬ್ಬಿಯನ್ನು ನೋಡಿದರು.

"ನೀರಿಲ್ಲದೆ ತಿಂದ್ರೆ?"

"ಇಲ್ಲಿ ನಿಲ್ಲುತ್ತೆ." ಎದೆಯ ನಡುವೆ ಬೆರಳಿಟ್ಟಳು. "ಎಲ್ಲರಿಗೂ ನಿಲ್ಲುತ್ತಲ್ಲ?"

"ಎದೆ ಉರಿ?"

"ಮಲಗಿದಾಗ ಇದ್ದೇ ಇರುತ್ತೆ. ಅದೂ ಎಲ್ಲರಿಗೂ..." ಅಷ್ಟಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅತ್ತಿಗೆ, ನಿಮಗೆ ತುತ್ತು ಇಳಿಯೋದು ಗೊತ್ತಾಗಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ನನಗೆ ಭಯವಾಯಿತು.

ಮುಂದಿನ ವಾರ ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಹಳೆಯ ಹೊಲಿಗೆಯ ಜಾಗ ಕಿರಿದಾಗಿತ್ತು. ಬಲೂನು ಉಬ್ಬಿಸಿ ಅಗಲ ಮಾಡಿದರು. ಅದರ ಕೆಳಗಿನ ಒಳಪದರದಿಂದ ಚೂರು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಅತ್ತೆಯೂ ಅಂಗಡಿ ಮುಚ್ಚಿ ಬಂದರು.

"ಇಷ್ಟು ವರ್ಷ ಹೊಟ್ಟೆಯ ಆಸಿಡ್ ಮೇಲೆ ಬಂದು ಬಂದು ಒಳಪದರ ಬದಲಾಗಿದೆ. ಕೆಲವು ಕಡೆ ಜೀವಕೋಶ ಕೆಡೋಕೆ ಶುರುವಾಗಿದೆ," ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಅಲ್ಲ, ಇನ್ನೂ. ಆ ಜಾಗ ಸುಡಬೇಕು, ಮಾತ್ರೆ ಬಿಡಬಾರದು, ಜೀವನಪೂರ್ತಿ ನೋಡ್ತಾ ಇರಬೇಕು."

"ಪ್ರತಿ ವರ್ಷ ತೋರಿಸಿದೀವಲ್ಲ!" ಅತ್ತೆಯ ದನಿ ಏರಿತು.

"ಕ್ಯಾಮೆರಾ ಹಾಕಿ ನೋಡಿದ್ದು ಯಾವಾಗ?"

"ತೊಂದರೆ ಇದ್ರೆ ಹಾಕೋಣ ಅಂದಿದ್ರು," ಎಂದರು ಅತ್ತೆ. "ತೊಂದರೆ ಇರ್ಲಿಲ್ಲವಲ್ಲ."

ದಾರಿಯುದ್ದಕ್ಕೂ ಅತ್ತೆ ನನ್ನ ಮುಖ ನೋಡಲಿಲ್ಲ. ಮನೆ ಬಾಗಿಲಲ್ಲಿ ಮಾತ್ರ, "ನೀನು ಆವತ್ತು ಬಾಯಿ ಬಿಡದೆ ಹೋಗಿದ್ರೆ..." ಎಂದು ಶುರುಮಾಡಿದರು. ಬೈಗುಳವೋ ಇನ್ನೇನೋ, ಅದು ಅಲ್ಲಿಗೇ ನಿಂತಿತು.

ಬಲೂನು ಹಾಕಿದಾಗಿನಿಂದ ಗುಬ್ಬಿಗೆ ಬರೀ ಮೆತ್ತಗಿನ ಊಟ; ಅದು ಸಾಕು, ಇನ್ನು ಎಲ್ಲ ತಿನ್ನಬಹುದು ಎಂದು ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಸಂಜೆ ಊಟಕ್ಕೆ ಕೂತಾಗ ಅತ್ತೆ ಕತ್ತರಿ ತಂದರು. ಅವರು ಕೈ ಹಾಕುವ ಮೊದಲೇ ಗುಬ್ಬಿ ಬ್ರೆಡ್ಡನ್ನು ಹಾಗೇ ಕಚ್ಚಿದಳು. ಅಗಿದಳು, ನುಂಗಿದಳು. ಅತ್ತೆ ಮುಂದೆ ಹಿಡಿದ ನೀರಿನ ಲೋಟ ಅವರ ಕೈಯಲ್ಲೇ ಉಳಿಯಿತು.

"ಹೋಯ್ತು," ಎಂದಳು ಗುಬ್ಬಿ. "ಗೊತ್ತೇ ಆಗಲಿಲ್ಲಮ್ಮ!" ನಗುತ್ತಾ ಇನ್ನೊಂದು ತುಂಡು ಕಚ್ಚಿದಳು, ಮತ್ತೊಂದು, ನನಗಿಂತ ಜೋರಾಗಿ.

"ನಿಧಾನ ಕಣೇ," ಎಂದರು ಅತ್ತೆ, ಅಭ್ಯಾಸಬಲದಿಂದ.

ಗುಬ್ಬಿ ತಿನ್ನುವುದನ್ನು ನಿಲ್ಲಿಸಿದಳು. ಅಪ್ಪ, ಅಮ್ಮ, ಅಣ್ಣ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ನಿಮಗೆಲ್ಲ ಮೊದಲಿಂದಲೂ ಇಷ್ಟು ಸುಲಭನಾ? ಮತ್ತೆ ನೀವ್ಯಾಕೆ ನನ್ನ ಹಾಗೆ ತಿಂತಿದ್ರಿ?"

ಮಾವ ಬಾಯಲ್ಲಿದ್ದ ತುತ್ತನ್ನು ಅಗಿದು ಮುಗಿಸಿ, ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.