ಹೊರಡುವ ಮುಂಚೆ ಕೇಳಿದ ಮಾಫಿ

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಮೌಲಾಹುಸೇನ ಹರಮ್ ಮಸೀದಿಯ ಹೊರಗಿನ ಬಿಳಿ ಹಾಸುಗಲ್ಲಿನ ಮೇಲೆ ಬಂದು ಕೂತ. ಮಕ್ಕಾದಲ್ಲಿ ಆಗಷ್ಟೇ ದೀಪ ಹತ್ತಿದ್ದವು. ಸಿದ್ದಾಪುರದ ಆಚೆಗಿನ ಅವನ ಹಳ್ಳಿಯಲ್ಲಿ ಅದು ಉಂಡು ಮಲಗುವ ಹೊತ್ತು. ಆದರೆ ಇವತ್ತು ಪಂಚಾಯ್ತಿಯ ಮತ ಎಣಿಕೆ, ಯಾರೂ ಮಲಗಿರಲಾರರು. ಉಮ್ರಾ ಯಾತ್ರೆಯ ವಿಧಿ ಮುಗಿಸಿ ಬೋಳಿಸಿದ ತಲೆಗೆ ಗಾಳಿ ತಂಪಾಗಿ ತಾಗುತ್ತಿತ್ತು. ಕೈ ಮತ್ತೆ ಮತ್ತೆ ಫೋನಿನತ್ತ ಹೋಗುತ್ತಿತ್ತು.

"ಎಷ್ಟು ಸಲ ಫೋನು ನೋಡ್ತೀರಿ? ಕಾಬಾ ನೋಡಾಕ ಬಂದೀರೋ, ಪಂಚಾಯ್ತಿ ನೋಡಾಕ ಬಂದೀರೋ?" ಎಂದಳು ಹೆಂಡತಿ ಶಹನಾಜಬೇಗಂ.

"ನಮ್ಮ ಓಣಿ ತಿರುಮಲೇಶ ಎಣಿಕಿ ಕಡೆ ಹೋಗ್ಯಾನ, ಸುದ್ದಿ ಹಾಕ್ತೀನಂದಾನ."

ಅವನ ವಾರ್ಡಿನ ಸೀಟಿಗೆ ನಿಂತವರು ಇಬ್ಬರು. ಒಬ್ಬ ಹಾಲೇಶ, ಮೌಲಾಹುಸೇನ ದುಡಿಯುವ ಅಕ್ಕಿ ಗಿರಣಿಯ ಮಾಲೀಕ. ಇನ್ನೊಬ್ಬಳು ಗಾಳೆಮ್ಮ, ಹೆಂಗಸರ ಗುಂಪು ಕಟ್ಟಿಕೊಂಡು ಭತ್ತದ ನಾಟಿಗೆ ಗದ್ದೆ ಗದ್ದೆ ತಿರುಗುವವಳು. ಕಾಲುವೆಯಾಚೆಯ ಅವಳ ಓಣಿಯವರು ಈವರೆಗೆ ಮೀಸಲು ಸೀಟಿಗಷ್ಟೇ ನಿಂತವರು. ಎಲ್ಲರಿಗೂ ತೆರೆದ ಸೀಟಿಗೆ, ಅದೂ ಗಿರಣಿ ಮಾಲೀಕನೆದುರು, ಆ ಓಣಿಯ ಹೆಂಗಸೊಬ್ಬಳು ನಿಂತದ್ದು ಊರಿನ ಚರಿತ್ರೆಯಲ್ಲೇ ಮೊದಲು. ಶಹನಾಜ ಹಾಸಿಗೆ ಹಿಡಿದಿದ್ದ ಮಳೆಗಾಲದಲ್ಲಿ ದಿನಾ ರೊಟ್ಟಿ ಬಡಿದು ತಂದುಕೊಟ್ಟವಳೂ ಅವಳೇ.

ಇಂಥ ಪ್ರಯಾಣಕ್ಕೆ ಹೊರಡುವವರು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳಿಕೊಂಡು ಬರುತ್ತಾರೆ. ಮೌಲಾಹುಸೇನನೂ ಹೋಗಿದ್ದ. ಹಾಲೇಶ ಬೆನ್ನು ತಟ್ಟಿ, "ಮೌಲಾ, ಅಲ್ಲಿ ನನ್ನ ಹೆಸರಲೆ ಒಂದು ದುವಾ ಮಾಡು" ಅಂದಿದ್ದ. ಗಾಳೆಮ್ಮ ಕೆಸರುಗೈಯಲ್ಲೇ ಹೊರಬಂದು ನಕ್ಕಿದ್ದಳು. "ನೀ ಏನು ಪಾಪ ಮಾಡೀ ಕಾಕಾ? ಎಲ್ಲಾ ಮಾಫ್. ಅಲ್ಲಿ ನನ್ನ ಹೆಸರೂ ಒಮ್ಮೆ ತಗೋ." ಇಬ್ಬರಿಗೂ ಅವನು ಹೂಂ ಅಂದು ಬಂದಿದ್ದ.

ಕಾಬಾದ ಎದುರು ನಿಂತಾಗ ಅವನು ಎರಡರಲ್ಲಿ ಯಾವ ಹೆಸರನ್ನೂ ತೆಗೆಯಲಿಲ್ಲ. ಕಡೆಗೆ, ಯಾರ ಮನಸ್ಸಿಗೂ ನೋವಾಗದಿರಲಿ ಎಂದಷ್ಟೇ ಬೇಡಿಕೊಂಡ.

ಫೋನು ಗುಂಯ್‌ಗುಟ್ಟಿತು. ತಿರುಮಲೇಶನ ದನಿ: "ಕಾಕಾ, ಇಬ್ಬರಿಗೂ ಸಮ ಬಿದ್ದಾವ. ತಿರುಗಿ ಎಣಿಸಿದ್ರೂ ಸಮ. ಈಗ ಚೀಟಿ ಎತ್ತತಾರಂತ."

ಮೌಲಾಹುಸೇನ ಅದನ್ನು ಇನ್ನೊಮ್ಮೆ ಹಚ್ಚಿ ಕೇಳಿದ. ಯಾರಿಗೂ ನೋವಾಗದಿರಲಿ ಅಂದದ್ದಕ್ಕೆ ಸಿಕ್ಕ ಉತ್ತರವೇ ಇದು?

ಸ್ವಲ್ಪ ಹೊತ್ತಿಗೆ ಮತ್ತೆ ತಿರುಮಲೇಶ. "ಹಾಲೇಶಪ್ಪನ ಚೀಟಿ ಬಂತು. ಗಾಳೆಮ್ಮ ಹೊರಗ ಕಟ್ಟಿ ಮ್ಯಾಲೆ ಸುಮ್ಮನ ಕುಂತಾಳ. ನೀವಿಬ್ಬರೂ ಊರಾಗ ಇದ್ದಿದ್ರ ಈ ಚೀಟಿ ಆಟ ಯಾಕ ಬೇಕಿತ್ತು ಅಂತ ಮಂದಿ ಮಾತಾಡಾಕತ್ಯಾರ."

"ನಾವೇನು ಮಾಡೋದು?" ಎಂದಳು ಶಹನಾಜ. "ಆಮೇಲಿನ ತಂಡದಾಗ ಜಾಗ ಇರಲಿಲ್ಲಲ್ಲ."

ಜಾಗ ಇತ್ತು. ಗಂಗಾವತಿಯ ಏಜೆಂಟು ಎರಡು ತಾರೀಖು ಮುಂದಿಟ್ಟಿದ್ದ, ಒಂದು ಮತದಾನಕ್ಕೆ ಮುಂಚಿನದು, ಒಂದು ಆಮೇಲಿನದು. ಊರಲ್ಲೇ ಇದ್ದರೆ ಹಾಲೇಶ ಮುಖ ನೋಡಿಯೇ ಓಟು ಯಾರಿಗೆ ಬಿತ್ತೆಂದು ಹೇಳಿಬಿಡುತ್ತಾನೆ. ಅವನಿಗೇ ಹಾಕಿದರೆ ಗಾಳೆಮ್ಮನ ಮುಖ ನೋಡಲಾಗದು. ಮೌಲಾಹುಸೇನ ಮೊದಲಿನ ತಾರೀಖು ಹಿಡಿದ. ಇನ್ನೊಂದು ಭರ್ತಿಯಾಗಿದೆ ಎಂದು ಮನೆಯಲ್ಲಿ ಹೇಳಿದ.

ತಡೆಯಲಾರದೆ ಗಾಳೆಮ್ಮನಿಗೆ ಫೋನು ಹಚ್ಚಿದ.

"ಕಾಕಾ, ಪೂಜಿ ಎಲ್ಲಾ ಛಲೋ ಆತೇನು? ಕಾಕಿ ಕಾಲು ನೋವು ಹೆಂಗೈತಿ?" ದನಿ ಒಡೆದಿತ್ತು.

"ಗಾಳೆಮ್ಮ, ಮಾಫ್ ಮಾಡವ್ವ."

"ನಿಂದೇನೈತಿ ಅದರಾಗ? ತಾರೀಖು ನಿನ್ನ ಕೈಯಾಗ ಇತ್ತೇನು?"

ಇಲ್ಲ ಅನ್ನಬಹುದಿತ್ತು. ಎದುರಿಗೆ ಹರಮಿನ ಮಿನಾರುಗಳು ಹಗಲಿನಂತೆ ಬೆಳಗುತ್ತಿದ್ದವು.

"ಇತ್ತು," ಎಂದ. "ಆಮೇಲಿನ ತಂಡದಾಗ ಜಾಗ ಇತ್ತು. ಬೇಕಂತ ಮೊದಲ ಬಂದೆ."

ಅತ್ತ ಕಡೆ ಯಾರೋ ಪಟಾಕಿ ಹಚ್ಚಿದ ಸದ್ದು.

"ನನ್ನ ಬಾಗಲಿಗೆ ಬಂದು ಮಾಫಿ ಕೇಳಿದಾಗ ಇದು ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಇದ್ದಿದ್ರ ಯಾರಿಗೆ ಹಾಕ್ತಿದ್ದಿ?"

"ನಿಜವಾಗ್ಲೂ ತಿಳೀವಲ್ದು," ಎಂದ.

"ಹಂಗಾದ್ರ ಆವತ್ತು ಕೊಟ್ಟ ಮಾಫಿ ವಾಪಸ್ ತಗೊಂಡೀನಿ, ಕಾಕಾ. ಊರಿಗೆ ಬಂದು ಕೇಳು. ಕೊಡಬೇಕೋ ಬ್ಯಾಡೋ ಆವಾಗ ನೋಡ್ತೀನಿ." ಫೋನಿಟ್ಟಳು.

ಶಹನಾಜ ಅವನನ್ನೇ ನೋಡುತ್ತಿದ್ದಳು. "ನನ್ನ ಓಟು ನಿಮ್ಮ ಕಿಸೆದಾಗ ಇತ್ತೇನ್ರಿ?" ಎಂದಳು ಮೆಲ್ಲಗೆ. "ನಾ ಯಾರಿಗೆ ಹಾಕ್ತಿದ್ದೆ ಅನ್ನೂದು ನನಗ ಗೊತ್ತಿತ್ತು."

"ಶಹನಾಜ, ಮಾಫ್…"

"ಇಲ್ಲಿ ಬ್ಯಾಡ್ರಿ. ನನಗೂ ಅಲ್ಲೇ ಕೇಳ್ರಿ, ಗಾಳೆಮ್ಮನ ಬಾಗಲದಾಗ ನಿಂತು."

ರಾತ್ರಿಯ ಇಶಾ ನಮಾಜಿನ ಬಾಂಗು ಎದ್ದಿತು. ಅವಳು ಚಪ್ಪಲಿ ಚೀಲ ಎತ್ತಿಕೊಂಡು ಹೆಂಗಸರ ಸಾಲಿನ ಕಡೆ ನಡೆದಳು. ಇತ್ತ ಸಾಲುಗಳು ಕೂಡಿಕೊಳ್ಳುತ್ತಿದ್ದವು. ಭಾಷೆ ತಿಳಿಯದ ಯಾವನೋ ಒಬ್ಬ ಒತ್ತಿ ನಿಂತು ಅವನಿಗೆ ಜಾಗ ಮಾಡಿಕೊಟ್ಟ. ಮೌಲಾಹುಸೇನ ಕೈ ಕಟ್ಟಿದ. ಕಣ್ಣ ಮುಂದೆ ನಿಂತದ್ದು ಕಾಲುವೆಯಾಚೆಯ ಆ ಬಾಗಿಲು, ಕೆಸರುಗೈಯಲ್ಲಿ ನಗುತ್ತ ಹೊರಬಂದ ಆ ಮುಖ.