ಸೈಕಲ್ ಮೇಸ್ತ್ರಿ ಕೊಟ್ಟ ಕಾಣಿಕೆ

ಸೈಕಲ್ ಮೇಸ್ತ್ರಿಯ ಚಿಕ್ಕ ಮಗಳಿಗೆ ವಾಂತಿ ಭೇದಿ ಹತ್ತಿಕೊಂಡಾಗ ಮನೆಯವರ ಜೀವ ಬಾಯಿಗೆ ಬಂದಿತ್ತು. ಮಗುವಿನ ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿರಲಿಲ್ಲ. ಆಸ್ಪತ್ರೆಯ ನರ್ಸಮ್ಮ ಡ್ರಿಪ್ ಹಾಕಿ, ಪಕ್ಕದಲ್ಲೇ ಕೂತು ಚಮಚ ಚಮಚವಾಗಿ ಉಪ್ಪು ಸಕ್ಕರೆಯ ನೀರು ಕುಡಿಸಿ ಉಳಿಸಿಕೊಂಡರು. ಮಗು ಎದ್ದು ಕೂತು ಬಿಸ್ಕತ್ತು ಕೇಳಿದಾಗ ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

ಮನೆಗೆ ಹೊರಡುವಾಗ ಅವನು ನರ್ಸಮ್ಮನ ಮುಂದೆ ನಿಂತ. “ಅಕ್ಕಾ, ನಿಮ್ಮ ಋಣ ತೀರಿಸೋಕಾಗಲ್ಲ. ವಾರ್ಡಿಗೆ ಒಂದು ದೊಡ್ಡ ಗಡಿಯಾರ ಕೊಡ್ತೀನಿ, ನಮ್ಮ ಮನೆಯವರ ಹೆಸರು ಬರೆಸಿ. ದೊಡ್ಡ ಮಗಳ ಶಾಲೆ ಮುಗೀತು, ಅವಳನ್ನೂ ನರ್ಸ್ ಮಾಡಿಸ್ತೀನಿ.”

ದೊಡ್ಡ ಮಗಳ ಮುಖ ಬಿಳಿಚಿಕೊಂಡಿತು. ತಂಗಿಗೆ ಸೂಜಿ ಚುಚ್ಚುವಾಗ ತಲೆ ಸುತ್ತಿ ಬಿದ್ದವಳು ಅವಳು.

“ಅವಳು ಬಂದ್ರೆ ಅವಳಿಗೇ ಒಂದು ಹಾಸಿಗೆ ಬೇಕಾಗುತ್ತೆ,” ಎಂದು ನರ್ಸಮ್ಮ ನಕ್ಕರು. “ಗಡಿಯಾರ ನಮ್ಮಲ್ಲಿದೆ ಮೇಸ್ತ್ರಿ. ಈ ವಾರ್ಡ್ ಒಂದು ಸುತ್ತು ಹಾಕಿ ಬನ್ನಿ. ಯಾರ ಮನೆ ಎಲ್ಲಿ ಅಂತ ಕೇಳಿ.”

ಮೇಸ್ತ್ರಿ ಕೇಳುತ್ತಾ ಹೋದ. ಹೆಚ್ಚಿನವರು ಅವನ ಬೀದಿಯವರೇ. ಕಿಟಕಿಯ ಬಳಿ ಇಸ್ತ್ರಿ ಅಂಗಡಿಯಾಕೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. “ಮತ್ತೆ ಇಲ್ಲಿಗೇ ಬಂದ್ವಿ ನೋಡಿ ಅಣ್ಣ,” ಎಂದಳು.

“ನಿಮ್ಮ ಬೀದಿಯ ನೀರಿನ ಪೈಪು ಚರಂಡಿಯೊಳಗೆ ಒಡೆದಿದೆ,” ಎಂದರು ನರ್ಸಮ್ಮ. “ನಾನು ವಾಸಿ ಮಾಡಿ ಕಳಿಸ್ತೀನಿ, ಮಕ್ಕಳು ಹೋಗಿ ಅದೇ ನೀರು ಕುಡೀತಾರೆ. ಪೈಪು ಬದಲಾಯಿಸೋಕೆ ದುಡ್ಡು ಕೂಡಿಸ್ತಾ ನೀರಿನ ಸಂಘದವರು ಮನೆಮನೆಗೆ ಬಂದಿದ್ರಲ್ಲ?”

ಬಂದಿದ್ದರು. ‘ನಾಳೆ ನೋಡೋಣ’ ಎಂದು ಮೇಸ್ತ್ರಿ ಸಾಗಹಾಕಿದ್ದ.

“ಗಡಿಯಾರವಾದ್ರೆ ನಾಲ್ಕು ಜನ ನೋಡ್ತಾರೆ ಅಕ್ಕಾ. ಮಣ್ಣಲ್ಲಿ ಹೂತ ಪೈಪು ಯಾರ ಕಣ್ಣಿಗೆ ಬೀಳುತ್ತೆ? ಸಂಘದವರು ನುಂಗಿದ್ರೆ?”

“ಕಣ್ಣಿಗೆ ಬೀಳಲ್ಲ, ನಿಜ. ನುಂಗ್ತಾರೋ ಇಲ್ವೋ ಹೋಗಿ ವಿಚಾರಿಸಿ. ಕೊಡೋರಿಗೆ ಕೇಳೋ ಹಕ್ಕಿದೆ.”

ಆಗ ದೊಡ್ಡ ಮಗಳು ಬಾಯಿಬಿಟ್ಟಳು. “ಅಪ್ಪಾ, ಪಂಪು, ಪೈಪು, ನೀರಿನ ಪರೀಕ್ಷೆ ಕಲಿಸೋ ತರಬೇತಿ ಇದೆ. ನಾನು ಅದಕ್ಕೆ ಸೇರ್ಲಾ?”

“ಹುಡುಗಿ ಪೈಪು ರಿಪೇರಿ ಮಾಡೋದಾ? ಜನ ಏನಂತಾರೆ?”

“ಅಂಗಡೀಲಿ ಚೈನು, ಬ್ರೇಕು ಸರಿ ಮಾಡೋದು ನಾನೇ ಅಲ್ವಾ? ಜನ ಏನೂ ಅನ್ನಲ್ಲ, ಸೈಕಲ್ ಹತ್ತಿ ಹೋಗ್ತಾರೆ.”

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ.

“ಇವಳ ಕೈಗೆ ಒಗ್ಗೋ ಕೆಲಸ, ಊರಲ್ಲಿ ಬಲ್ಲವರೇ ಇಲ್ಲದ ಕೆಲಸ,” ಎಂದರು ನರ್ಸಮ್ಮ. “ಅದನ್ನ ಕಲೀಲಿ. ನನಗೆ ಅಷ್ಟೇ ಸಾಕು.”

ಮೇಸ್ತ್ರಿ ಸಂಘಕ್ಕೆ ಹೋಗಿ ಹಿಂದುಮುಂದೆಲ್ಲ ಕೇಳಿದ. ನಂಬಿಕೆ ಬಂದ ಮೇಲೆ ತಾನೂ ಕೊಟ್ಟ, ನೆರೆಹೊರೆಯವರಿಂದಲೂ ಕೊಡಿಸಿದ. ಹೊಸ ಪೈಪು ಬಂತು. ಮಗಳು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದಳು. ಈಗ ಬೀದಿ ಬೀದಿಯ ನೀರು ಪರೀಕ್ಷಿಸುವವಳು ಅವಳೇ.

ಮಳೆಗಾಲದ ಒಂದು ಬೆಳಿಗ್ಗೆ ಇಸ್ತ್ರಿ ಅಂಗಡಿಯಾಕೆ ಅವನ ಅಂಗಡಿಯ ಮುಂದೆ ನಿಂತಳು. ಕೂಸು ಕೆಸರು ತುಳಿದು ಕುಣಿಯುತ್ತಿತ್ತು. “ಈ ಸಲ ಆಸ್ಪತ್ರೆ ಮುಖ ನೋಡಿಲ್ಲ ಅಣ್ಣ. ನಿಮ್ಮ ಮಗಳ ಹೊಟ್ಟೆ ತಣ್ಣಗಿರಲಿ.” ಮೇಸ್ತ್ರಿ ಕೂಸನ್ನು ಎತ್ತಿ ಸೈಕಲ್ ಸೀಟಿನ ಮೇಲೆ ಕೂರಿಸಿದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಉಪಕಾರ ಪಡೆದವರಿಗೆ ಕೊಡುವ ಮನಸ್ಸು ತಾನಾಗಿ ಬರುತ್ತದೆ. ಎಲ್ಲಿ ಕೊಟ್ಟರೆ ಹೆಚ್ಚು ಜನರ ಕಷ್ಟ ತಪ್ಪುತ್ತದೆ ಎಂದು ವಿಚಾರಿಸಿ ಕೊಡಿ. ಮಕ್ಕಳ ಕೆಲಸದ ಮಾತು ಬಂದಾಗ, ಅವರ ಕೈಗೆ ಏನು ಒಗ್ಗುತ್ತದೆ, ಊರಿಗೆ ಏನು ಕೊರತೆಯಿದೆ ಎಂದು ಅವರನ್ನೇ ಕೂರಿಸಿಕೊಂಡು ಕೇಳಿ. ಇವತ್ತೇ ಕೇಳಿ.